ಜಗಲಿಯಲ್ಲಿ ‘ಕ್ಯಾರಿ ಆನ್ ಕೌಬಾಯ್’: ಹಾಕುವುದು ಹೇಗೆ, ಮಾತಾಡುವುದು ಹೇಗೆ

ಎಂಟು ಹತ್ತು ಜನರನ್ನು ಕೂರಿಸಿ ಒಂದು ಹಳೇ ಇಂಗ್ಲಿಷ್ ಕಾಮಿಡಿ ತೋರಿಸಬೇಕು, ಮುಗಿದ ಮೇಲೆ ಎಲ್ಲರೂ ಬಾಯಿಬಿಟ್ಟು ಮಾತಾಡಬೇಕು ಅಂತ ಇದ್ದರೆ, ನಾನು ಮೊದಲು ಹೇಳುವ ಹೆಸರು ‘ಕ್ಯಾರಿ ಆನ್ ಕೌಬಾಯ್’. 1965ರಲ್ಲಿ ಬ್ರಿಟನ್ನಿನಲ್ಲಿ ತಯಾರಾದ ಸಿನಿಮಾ, ‘ಕ್ಯಾರಿ ಆನ್’ ಅನ್ನುವ ಕಾಮಿಡಿ ಸರಣಿಯದು, ಹಾಲಿವುಡ್ಡಿನ ಕೌಬಾಯ್ ಸಿನಿಮಾಗಳ ಅಣಕ. ಒಂದೂವರೆ ಗಂಟೆ ಅಷ್ಟೇ. ಇದನ್ನು ತುಂಬಾ ಇಷ್ಟಪಡುವವರೇ ಇದರ ಬಗ್ಗೆ ಒಬ್ಬರ ಮಾತು ಒಬ್ಬರು ಒಪ್ಪುವುದಿಲ್ಲ. ಕೆಲವರಿಗೆ ಆ ಸರಣಿಯಲ್ಲೇ ಇದು ಎಲ್ಲಕ್ಕಿಂತ ಒಳ್ಳೇದು. ಇನ್ನು ಕೆಲವರಿಗೆ ಇದರಲ್ಲಿ ಕಥೆ ಜಾಸ್ತಿ, ನಗು ಕಡಿಮೆ. ಮತ್ತೆ ಕೆಲವರಿಗೆ ಈಗ ನೋಡಿದರೆ ನಡುನಡುವೆ ಮುಜುಗರ. ಮೂವರ ಮಾತಲ್ಲೂ ಹುರುಳಿದೆ. ಜಗಲಿಯಲ್ಲಿ ಕೂತು ಮಾತಾಡೋಕೆ ಇಂಥ ಸಿನಿಮಾನೇ ಬೇಕು.

ನಾನು ತೀರ್ಥಹಳ್ಳಿ ಕಡೆಯವನು, ಅಡಿಕೆ ತೋಟದ ಕೆಲಸ. ಸಿನಿಮಾ ನೋಡಿ ಮಾತಾಡುವ ಹುಚ್ಚು ಹತ್ತಿದ್ದು ಹೆಗ್ಗೋಡಿನಿಂದ. ಅಲ್ಲಿನ ನಾಟಕ ಸಂಸ್ಥೆ ನೀನಾಸಂ 1949ರಲ್ಲಿ ಹುಟ್ಟಿದ್ದು. ಕೆ.ವಿ. ಸುಬ್ಬಣ್ಣನವರು ನಾಟಕದ ಜೊತೆಗೆ ಅಲ್ಲಿ ಚಿತ್ರಸಮಾಜ ಕಟ್ಟಿ, ಜಗತ್ತಿನ ದೊಡ್ಡ ಸಿನಿಮಾಗಳನ್ನು ಹಳ್ಳಿಯವರ ಎದುರಿಗೇ ತಂದಿಟ್ಟರು. ಗದ್ದೆ ಕೆಲಸ ಮುಗಿಸಿ ಬಂದವರಿಗೂ ಸಿನಿಮಾದ ಬಗ್ಗೆ ಹೇಳೋಕೆ ಮಾತಿರುತ್ತದೆ ಅಂತ ಅವರು ನಂಬಿದ್ದರು. ನಾನೂ ಅದನ್ನೇ ನಂಬಿದ್ದೇನೆ. ಅದಕ್ಕೇ ಮಳೆಗಾಲದ ಶನಿವಾರಗಳಲ್ಲಿ ನಮ್ಮನೆ ಜಗಲಿಯಲ್ಲಿ ಪ್ರೊಜೆಕ್ಟರ್ ಇಡುತ್ತೇನೆ. ನೀವೂ ಇಡಬಹುದು. ಹೇಗೆ ಅಂತ ಹೇಳುತ್ತೇನೆ.

ಮೊದಲು ಕಾಲ ನೋಡಿಕೊಳ್ಳಿ. ಅಡಿಕೆ ಸುಲಿಯುವ ದಿನಗಳಲ್ಲಿ ಹೇಗೂ ಜನ ಸೇರಿರುತ್ತಾರೆ, ಅಲ್ಲೇ ಹಾಕಿಬಿಡೋಣ ಅನ್ನಿಸುತ್ತದೆ. ಬೇಡ. ಮೆಟ್ಟುಗತ್ತಿ ಮುಂದೆ ಕೂತವರ ಕಣ್ಣು ಕೈ ಮೇಲಿರಬೇಕು. ಕನ್ನಡ ಸಿನಿಮಾ ಆದರೆ ಕಿವಿಯಲ್ಲೇ ಅರ್ಧ ನೋಡಬಹುದು, ಇದು ಹಾಗಲ್ಲ. ಆರಿದ್ರಾ, ಪುನರ್ವಸು ಮಳೆಯ ಹೊತ್ತು ಒಳ್ಳೇದು. ತೋಟದಲ್ಲಿ ಹೆಚ್ಚು ಕೆಲಸ ಇರುವುದಿಲ್ಲ, ಜನಕ್ಕೂ ಮನೆಯಲ್ಲಿ ಕೂತು ಬೇಜಾರಾಗಿರುತ್ತದೆ. ಆದರೆ ತಗಡಿನ ಮಾಡಿನ ಕೆಳಗೆ ಕೂರಿಸಬೇಡಿ. ಜೋರು ಮಳೆ ಬಂದರೆ ಒಂದು ಮಾತೂ ಕೇಳಿಸುವುದಿಲ್ಲ. ಹೆಂಚಿನ ಮಾಡು ವಾಸಿ. ಸ್ಪೀಕರನ್ನು ಪರದೆಯ ಹತ್ತಿರ ಇಡದೆ, ಕೂತವರ ನಡುವೆ ಒಂದು ಸ್ಟೂಲ್ ಮೇಲಿಡಿ. ಪರದೆಗೆ ಬಿಳಿ ಪಂಚೆ ಸಾಕು, ಸುಕ್ಕು ಬೀಳದ ಹಾಗೆ ಕೆಳಗಿನ ಎರಡು ಮೂಲೆಗೂ ಕಲ್ಲು ಕಟ್ಟಿ. ಕರೆಂಟು ಹೋಗೇ ಹೋಗುತ್ತದೆ. ಪ್ರೊಜೆಕ್ಟರಿಗೂ ಸ್ಪೀಕರಿಗೂ ಇನ್ವರ್ಟರ್ ಲೈನ್ ಕೊಟ್ಟಿರಿ. ಹಲಸಿನ ಹಪ್ಪಳ ಕರಿಯುವುದಿದ್ದರೆ ಸಿನಿಮಾ ಮುಗಿದ ಮೇಲೆ ಕರಿಯಿರಿ. ನಡುವೆ ಕೊಟ್ಟರೆ ಕುರುಕುರು ಸದ್ದಿನಲ್ಲಿ ಮೆಲು ಮಾತುಗಳೆಲ್ಲ ಹೋಗುತ್ತವೆ. ಜೀರಿಗೆ ಕಷಾಯ ಮಾತ್ರ ಯಾವಾಗ ಬೇಕಾದರೂ ಆದೀತು.

ಇಂಗ್ಲಿಷ್ ಸಬ್‌ಟೈಟಲ್ ಇರುವ ಡಿವಿಡಿಯನ್ನೇ ಹುಡುಕಿ. ಓದೋಕೆ ಬರುವವರಿಗೆ ಅದು ದೊಡ್ಡ ಆಸರೆ. ಮನೆಯವರು, ಸ್ನೇಹಿತರು ಸೇರಿ ನೋಡುವುದಕ್ಕೆ ತೊಂದರೆ ಇಲ್ಲ. ಊರಿಗೆಲ್ಲ ಡಂಗುರ ಹೊಡೆದು ಟಿಕೆಟ್ ಇಡುವುದಾದರೆ ಹಕ್ಕು ಇರುವವರ ಅನುಮತಿ ಬೇಕು, ಅದು ನೆನಪಿರಲಿ.

ಈಗ ಮುಖ್ಯ ಕೆಲಸ. ಸಿನಿಮಾ ಶುರು ಮಾಡುವ ಮೊದಲು ಕಥೆ ಹೇಳಿಬಿಡಿ. ಕಥೆ ಗೊತ್ತಾದರೆ ಮಜಾ ಹೋಗುತ್ತೆ ಅನ್ನುವುದು ಇಲ್ಲಿ ಸಲ್ಲ. ಯಕ್ಷಗಾನಕ್ಕೆ ಹೋಗುವವರು ಪ್ರಸಂಗ ಗೊತ್ತಿಲ್ಲದೆ ಹೋಗುತ್ತಾರಾ? ನಾನು ಹೇಳುವುದು ಇಷ್ಟು: ಸ್ಟಾಡ್ಜ್ ಸಿಟಿ ಅಂತ ಅಮೆರಿಕದ ಒಂದು ಊರು. ಅಲ್ಲಿನ ಯಜಮಾನ ಜಡ್ಜ್ ಬರ್ಕ್. ಕುಡಿತ, ಜೂಜು, ಕೆಟ್ಟ ಮಾತು ಯಾವುದೂ ಇರಬಾರದು ಅಂತ ಕಟ್ಟುಪಾಡು ಮಾಡಿದವನು. ಆ ಊರಿಗೆ ರಂಪೋ ಕಿಡ್ ಅನ್ನುವ ಕೊಲೆಗಡುಕ ಬರುತ್ತಾನೆ. ಬಂದವನೇ ಸಲೂನನ್ನು, ಅಂದರೆ ಅಲ್ಲಿನ ಹೆಂಡದ ಅಂಗಡಿಯನ್ನು, ಕೈಗೆ ತಗೊಂಡು ಊರನ್ನೇ ಹಿಡಿಯುತ್ತಾನೆ. ಶೆರಿಫ್, ಅಂದರೆ ಊರಿನ ಪೊಲೀಸ್ ಅಧಿಕಾರಿ, ಸಾಯುತ್ತಾನೆ. ಸೇಡು ತೀರಿಸೋಕೆ ಅವನ ಮಗಳು ಆ್ಯನಿ ಹೊರಡುತ್ತಾಳೆ. ಅವಳು ಹತ್ತಿದ ಕುದುರೆಗಾಡಿಯಲ್ಲೇ ಇಂಗ್ಲೆಂಡಿನಿಂದ ಬಂದ ಒಬ್ಬ ಒಳಚರಂಡಿ ಎಂಜಿನಿಯರ್ ಇದ್ದಾನೆ. ಅವನ ಹೆಸರೇ ಮಾರ್ಷಲ್. ಸರ್ಕಾರದವರು ಅವನನ್ನು ಕಾನೂನು ಕಾಯುವ ಮಾರ್ಷಲ್ ಅಂತ ತಿಳಿದು ಈ ಊರಿಗೆ ಕಳಿಸಿಬಿಟ್ಟಿದ್ದಾರೆ. ಬಂದೂಕು ಹಿಡಿಯೋಕೂ ಬಾರದ ಮನುಷ್ಯ.

ಇಷ್ಟು ಹೇಳಿ ನಿಲ್ಲಿಸಿ. ಕೊನೆ ಹೇಳಬೇಡಿ.

ಇನ್ನೊಂದು ತಯಾರಿಯನ್ನು ಜನ ಬಿಟ್ಟುಬಿಡುತ್ತಾರೆ. ಅಣಕ ನೋಡೋಕೆ ಅಸಲು ಗೊತ್ತಿರಬೇಕು. ಕೌಬಾಯ್ ಸಿನಿಮಾ ಒಂದೂ ನೋಡದವರಿಗೆ ಈ ಸಿನಿಮಾದಲ್ಲಿ ಏನನ್ನು ಆಡಿಕೊಳ್ಳುತ್ತಿದ್ದಾರೆ ಅಂತ ತಿಳಿಯುವುದಿಲ್ಲ. ಅದಕ್ಕೆ 1952ರ ‘ಹೈ ನೂನ್’ನ ಕೊನೆಯ ಭಾಗವನ್ನು ಸ್ವಲ್ಪ ತೋರಿಸಿ. ಗಡಿಯಾರ ಹನ್ನೆರಡರತ್ತ ಹೋಗುತ್ತದೆ, ಬೀದಿ ಖಾಲಿ, ಒಬ್ಬನೇ ಒಬ್ಬ ಮಾರ್ಷಲ್. ಒಂದು ಮಾತು ವಿವರಿಸದೆ ನಮ್ಮ ಅತ್ತೆಯವರಿಗೂ ಅದು ಅರ್ಥ ಆಗಿದೆ. ಅದನ್ನು ನೋಡಿದವರು ‘ಕ್ಯಾರಿ ಆನ್ ಕೌಬಾಯ್’ನ ಕೊನೆಗೆ ಬಂದಾಗ ತಾವಾಗಿಯೇ ಎದ್ದು ಕೂರುತ್ತಾರೆ.

ಸಿನಿಮಾ ನಡೆಯುವಾಗ ನಿಲ್ಲಿಸಿ ನಿಲ್ಲಿಸಿ ಅರ್ಥ ಹೇಳಬೇಡಿ. ನಗು ಸತ್ತುಹೋಗುತ್ತದೆ. ಯಾರಿಗೋ ಒಂದು ಮಾತು ಸಿಗದಿದ್ದರೆ ಸಿಗದೇ ಇರಲಿ. ಮೈಕೈಯಲ್ಲೇ ನಗಿಸುವ ಜಾಗ ಬೇಕಾದಷ್ಟಿವೆ.

ಮುಗಿದ ಮೇಲೆ ದೀಪ ಹಾಕಿ, ಹಪ್ಪಳ ಹಂಚಿ. ಮಾತಿಗೆ ನಮ್ಮಲ್ಲಿ ಒಂದೇ ಕಟ್ಟುಪಾಡು. ‘ಚೆನ್ನಾಗಿದೆ’, ‘ಚೆನ್ನಾಗಿಲ್ಲ’ ಅಂತ ಯಾರೂ ಶುರು ಮಾಡುವ ಹಾಗಿಲ್ಲ. ಒಂದು ದೃಶ್ಯ ಹೆಸರಿಸಿ, ಅದರಲ್ಲಿ ಏನು ಕಂಡಿರಿ ಅಂತ ಹೇಳಿ, ಆಮೇಲೆ ನಿಮ್ಮ ಮಾತು. ಈ ಕಟ್ಟುಪಾಡು ಇಲ್ಲದಿದ್ದರೆ ದನಿ ದೊಡ್ಡದಿರುವವರೇ ಗೆಲ್ಲುತ್ತಾರೆ, ಹೆಂಗಸರೂ ಹುಡುಗರೂ ಸುಮ್ನೆ ಕೂತಿರುತ್ತಾರೆ. ದೃಶ್ಯ ಕೇಳಿದ ಕೂಡಲೇ ಎಲ್ಲರೂ ಸಮ. ಕಣ್ಣಲ್ಲಿ ನೋಡಿದ್ದನ್ನು ಹೇಳೋಕೆ ಓದು ಬೇಕಾಗಿಲ್ಲ.

ಮೊದಲು ಏಳುವ ವಾದ ರಂಪೋ ಕಿಡ್‌ನದು. ಆ ಪಾತ್ರ ಮಾಡಿದವರು ಸಿಡ್ ಜೇಮ್ಸ್. ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿ, ಎರಡನೇ ಮಹಾಯುದ್ಧ ಮುಗಿದ ಮೇಲೆ ಬ್ರಿಟನ್ನಿಗೆ ಬಂದ ನಟ. ಕ್ಯಾರಿ ಆನ್ ಸರಣಿಯಲ್ಲಿ ಅವರೆಂದರೆ ಆ ಕಿಲಾಡಿ ನಗು, ಲಂಡನ್ನಿನ ಬೀದಿಯ ಮಾತು. ಇಲ್ಲಿ ಅದನ್ನು ಪಕ್ಕಕ್ಕಿಟ್ಟು ಅಮೆರಿಕದ ಧಾಟಿಯಲ್ಲಿ, ತಣ್ಣಗೆ ಮಾತಾಡುತ್ತಾರೆ. ನಮ್ಮ ಸಿಡ್ ಎಲ್ಲಿ ಹೋದರು ಅಂತ ಕೆಲವು ಅಭಿಮಾನಿಗಳಿಗೆ ಬೇಜಾರು. ನಟ ಅಂದರೆ ಇವರು, ಇಲ್ಲಿ ಪಾತ್ರವೇ ಆಗಿಬಿಟ್ಟಿದ್ದಾರೆ ಅಂತ ಇನ್ನು ಕೆಲವರು.

ಈ ವಾದ ಬಂದರೆ ಸಿನಿಮಾದ ಮೊದಲ ದೃಶ್ಯವನ್ನು ಇನ್ನೊಮ್ಮೆ ಹಾಕಿ. ರಂಪೋ ಬೀದಿಗೆ ಬರುತ್ತಾನೆ. ಎದುರಿಗೆ ಮೂರು ಜನ. ಅವರ ಕೈ ಬಂದೂಕಿನ ಹತ್ತಿರ ಹೋಗುತ್ತದೆ. ಇವನು ಮೂವರನ್ನೂ ಕೆಡವುತ್ತಾನೆ. ಆಮೇಲೆ ಬಿದ್ದವರನ್ನು ನೋಡಿ, ಇವರಿಗೆ ಏನು ಬೇಕಾಗಿತ್ತೋ ಅಂತ ತನ್ನಷ್ಟಕ್ಕೇ ಅಂದುಕೊಳ್ಳುತ್ತಾನೆ. ಅಲ್ಲಿ ಸಿಡ್ ಮುಖ ನೋಡಿ. ನಗಿಸುವ ಪ್ರಯತ್ನವೇ ಇಲ್ಲ. ನಿಜವಾಗಿ ಯೋಚನೆ ಮಾಡುತ್ತಿರುವವನ ಮುಖ. ಸಾವು ನಿಜವಾಗಿ ಆಗಿದೆ, ನಗುವೂ ಬಂದಿದೆ, ಎರಡೂ ಒಂದೇ ಗಳಿಗೆಯಲ್ಲಿ. ನನ್ನ ಮಟ್ಟಿಗೆ ಸಿನಿಮಾ ಗೆಲ್ಲುವುದು ಅಲ್ಲೇ. ಅದರಿಂದ ಮುಂದೆ ಒಂದೂವರೆ ಗಂಟೆ ಈ ಮನುಷ್ಯನಿಗೆ ಹೆದರಬೇಕೋ ನಗಬೇಕೋ ಗೊತ್ತಾಗುವುದಿಲ್ಲ.

ಪಕ್ಕದ ಮನೆಯ ನಿವೃತ್ತ ಮಾಷ್ಟ್ರು ಇದನ್ನು ಒಪ್ಪುವುದಿಲ್ಲ. “ಅಲ್ಲ ಮಾರಾಯ, ಹಾಸ್ಯ ಅಂದ್ರೆ ಹಾಸ್ಯ ಇರಬೇಕು. ನಡುವೆ ಅರ್ಧ ಗಂಟೆ ಬರೀ ಕಥೆ ಓಡಿಸ್ತಾರೆ” ಅನ್ನುತ್ತಾರೆ. ಅವರ ಮಾತಿಗೆ ಬಲ ಇದೆ. ಸರಣಿಯಲ್ಲಿ ಹೆಸರು ಮಾಡಿದ ನಟಿಯರಲ್ಲಿ ಹ್ಯಾಟಿ ಜಾಕ್ಸ್ ಇದರಲ್ಲಿಲ್ಲ, ಬಾರ್ಬರಾ ವಿಂಡ್ಸರ್ ಇಲ್ಲ. ಸರಣಿಯ ಬೇರೆ ಸಿನಿಮಾಗಳಲ್ಲಿ ಮಾತಿನ ಪಟಾಕಿ ಒಂದರ ಹಿಂದೆ ಒಂದು ಸಿಡಿಯುತ್ತದೆ, ಇಲ್ಲಿ ಆ ವೇಗ ಇಲ್ಲ. ಇಂಥ ಹೊತ್ತಿನಲ್ಲಿ ನಮ್ಮ ಕಡೆಯವರಿಗೆ ಯಕ್ಷಗಾನದ ಮಾತೇ ಕೈಗೆ ಸಿಗುವುದು. ಹಾಸ್ಯಗಾರ ಪ್ರಸಂಗದ ಒಳಗೇ ನಿಂತು ನಗಿಸಬೇಕಾ, ಪ್ರಸಂಗ ಬಿಟ್ಟು ಬಂದಾದರೂ ನಗಿಸಬಹುದಾ? ಬಡಗುತಿಟ್ಟಿನ ಆಟ ನೋಡಿ ಬೆಳಗಿನ ಜಾವ ಮನೆಗೆ ಬರುವಾಗ ಇದೇ ವಾದ ಮಾಡಿಕೊಂಡು ಬಂದವರು ನಾವು. ನಿರ್ದೇಶಕ ಜೆರಾಲ್ಡ್ ಥಾಮಸ್ ಇಲ್ಲಿ ಪ್ರಸಂಗ ಕೆಡಲು ಬಿಟ್ಟಿಲ್ಲ. ಅದು ನನಗೆ ಗುಣ, ಮಾಷ್ಟ್ರಿಗೆ ದೋಷ. ಈ ಪ್ರಶ್ನೆ ಎದ್ದರೆ ಅರ್ಧ ಗಂಟೆ ಮಾತು ತಾನಾಗಿಯೇ ನಡೆಯುತ್ತದೆ. ನೀವು ಕೈ ಹಾಕಬೇಡಿ.

ಎರಡನೇ ವಾದ, ಕಥೆ ಕದ್ದದ್ದು ಅನ್ನುವುದು. ಸಿನಿಮಾ ಜಾಸ್ತಿ ನೋಡಿದವರು ಯಾರಾದರೂ ಇದ್ದರೆ 1948ರ ‘ದಿ ಪೇಲ್‌ಫೇಸ್’ ಹೆಸರು ತೆಗೆಯುತ್ತಾರೆ. ಅದರಲ್ಲಿ ನಟ ಬಾಬ್ ಹೋಪ್ ಹಲ್ಲಿನ ಡಾಕ್ಟರು. ಗುಂಡು ಹಾರಿಸುವುದು ಹೆಂಗಸು, ಹೆಸರು ಬರುವುದು ಇವನಿಗೆ. ಇಲ್ಲೂ ಗಾಡಿಯ ಮೇಲೆ ಮೂಲನಿವಾಸಿಗಳ ದಾಳಿ ಆದಾಗ ಗುರಿಯಿಟ್ಟು ಹೊಡೆಯುವುದು ಆ್ಯನಿ, ತಾನೇ ಹೊಡೆದೆ ಅಂದುಕೊಳ್ಳುವುದು ಎಂಜಿನಿಯರ್. ಹೋಲಿಕೆ ಇದೆ, ಮುಚ್ಚಿಡುವುದು ಬೇಡ. ಆದರೆ ವೃತ್ತಿ ನೋಡಿ ಅಂತ ಹೇಳಿ. ಚರಂಡಿ ಎಂಜಿನಿಯರ್ ಅನ್ನುವುದು ಬರೀ ನಗಿಸೋಕೆ ಇಟ್ಟ ಕೆಲಸ ಅಲ್ಲ. ಕೊನೆಯಲ್ಲಿ ಮಟಮಟ ಮಧ್ಯಾಹ್ನ ರಂಪೋನ ಗುಂಪು ಬೀದಿಗೆ ಇಳಿದಾಗ ಅವನು ಬೀದಿಯಲ್ಲಿ ಎದೆ ಕೊಟ್ಟು ನಿಲ್ಲುವುದಿಲ್ಲ. ಬೀದಿಯ ಕೆಳಗಿನ ಚರಂಡಿಗೆ ಇಳಿಯುತ್ತಾನೆ. ಒಂದು ಮ್ಯಾನ್‌ಹೋಲಿನ ಮುಚ್ಚಳ ಎತ್ತಿ ಗುಂಡು ಹಾರಿಸುತ್ತಾನೆ, ಮುಚ್ಚಿಕೊಳ್ಳುತ್ತಾನೆ, ಇನ್ನೊಂದು ಕಡೆ ಏಳುತ್ತಾನೆ. ಮೊದಲಿನಿಂದ ಎಲ್ಲರೂ ಆಡಿಕೊಂಡು ನಗುತ್ತಿದ್ದ ಕೆಲಸವೇ ಊರನ್ನು ಉಳಿಸುತ್ತದೆ. ಊರಿನ ಪೈಪು, ಮೋರಿ ನೋಡಿಕೊಳ್ಳುವ ನಮ್ಮ ಪರಿಚಯದವರೊಬ್ಬರು ಈ ದೃಶ್ಯಕ್ಕೆ ಎದ್ದು ನಿಂತು ಚಪ್ಪಾಳೆ ಹೊಡೆದರು. ಅವರು ಅಲ್ಲಿ ಕಂಡದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಮೂರನೇದು ಜಾಗದ ವಾದ. ಇದು ಬೇಗ ಮುಗಿಯುತ್ತದೆ. ಈ ಅಮೆರಿಕ ಅಮೆರಿಕ ಅಲ್ಲ. ಸಿನಿಮಾ ತೆಗೆದದ್ದು ಇಂಗ್ಲೆಂಡಿನಲ್ಲಿ: ಪೈನ್‌ವುಡ್ ಸ್ಟುಡಿಯೋ, ಅದರ ಪಕ್ಕದ ಬ್ಲ್ಯಾಕ್ ಪಾರ್ಕ್, ಸರ್ರಿಯ ಚೋಬಮ್ ಕಾಮನ್. ಹುಲ್ಲು ಹಸಿರು, ಮರ ಇಂಗ್ಲೆಂಡಿನದು. ಮರುಭೂಮಿ ಎಲ್ಲಿ ಅಂತ ಕೇಳಿದರೆ ಆಗುಂಬೆ ನೆನಪು ಮಾಡಿ. ದೂರದರ್ಶನದ ಧಾರಾವಾಹಿಗೆ ಶಂಕರ್‌ನಾಗ್ ಆಗುಂಬೆಯನ್ನೇ ಮಾಲ್ಗುಡಿ ಮಾಡಿದರು, ಅರಸಾಳು ರೈಲ್ವೆ ಸ್ಟೇಷನ್ನಿನಲ್ಲಿ ಈಗ ಮಾಲ್ಗುಡಿ ಮ್ಯೂಸಿಯಮ್ಮೇ ಇದೆ. ಜನ ಒಪ್ಪಿಕೊಂಡರಲ್ಲ? ಇಲ್ಲೂ ಒಪ್ಪಬಹುದು, ಬಿಡಬಹುದು. ಹೆಚ್ಚು ಎಳೆಯಬೇಡಿ.

ಸಮಯ ಉಳಿಸಿಕೊಳ್ಳಬೇಕಾದ್ದು ನಾಲ್ಕನೇ ವಾದಕ್ಕೆ. ಅಮೆರಿಕದ ಮೂಲನಿವಾಸಿಗಳನ್ನು ತೋರಿಸಿದ ರೀತಿ. ಬಿಗ್ ಹೀಪ್ ಅನ್ನುವ ನಾಯಕನ ಪಾತ್ರ ಚಾರ್ಲ್ಸ್ ಹಾಟ್ರಿ ಅವರದು, ಮಗ ಲಿಟಲ್ ಹೀಪ್ ಬರ್ನಾರ್ಡ್ ಬ್ರೆಸ್ಲಾ. ಅಪ್ಪ ಕಡ್ಡಿಯಂಥ ಸಣ್ಣ ಮನುಷ್ಯ, ಮಗ ಆರೂವರೆ ಅಡಿ ದಾಟಿದ ಆಳು. ಇಬ್ಬರೂ ಬಿಳಿಯ ಇಂಗ್ಲಿಷ್ ನಟರು, ಬಣ್ಣ ಬಳಿದುಕೊಂಡು, ಗರಿ ಸಿಕ್ಕಿಸಿಕೊಂಡು ನಿಂತವರು. ಇದು ಇಂಗ್ಲಿಷಿನವರ ಮೇಲೇ ಮಾಡಿದ ತಮಾಷೆ ಅಂತ ಒಂದು ಪಕ್ಷ. ಹಾಟ್ರಿ ದನಿ ಬದಲಿಸುವುದೇ ಇಲ್ಲ. ಅವರದೇ ನಾಜೂಕು ಇಂಗ್ಲಿಷ್. ಗುಡಾರದಿಂದ ಹೊರಗೆ ಬರುವಾಗ ಒಳಗಿಂದ ಫ್ಲಶ್ ಎಳೆದ ಸದ್ದು ಕೇಳುತ್ತದೆ. ಸಿನಿಮಾದವರು ಇದನ್ನು ನಿಜ ಅಂತ ತೋರಿಸುತ್ತಲೇ ಇಲ್ಲ, ಹಾಲಿವುಡ್ಡಿನ ಸುಳ್ಳನ್ನು ಆಡಿಕೊಳ್ಳುತ್ತಿದ್ದಾರೆ ಅನ್ನುವುದು ಆ ಪಕ್ಷದ ಮಾತು. ಇನ್ನೊಂದು ಪಕ್ಷದವರ ಪ್ರಶ್ನೆ, ಆಡಿಕೊಳ್ಳುವವರು ಯಾರನ್ನಾದರೂ ಆಡಿಕೊಳ್ಳಲಿ, ವೇಷ ಮಾತ್ರ ಯಾರದು? ಭೂಮಿ ಕಳೆದುಕೊಂಡ ಜನರದು.

ನಮ್ಮ ಜಗಲಿಯಲ್ಲಿ ಈ ಮಾತು ಹಗುರವಾಗಿ ಹೋಗುತ್ತಿತ್ತು. ನಮ್ಮ ಮಲೆನಾಡಿನ ಬುಡಕಟ್ಟಿನವರಾದ ಹಸಲರ ಮನೆಯ ಹುಡುಗನೊಬ್ಬ, ಶಿವಮೊಗ್ಗದಲ್ಲಿ ಓದುತ್ತಿರುವವನು, ಮೂಲೆಯಲ್ಲಿ ಕೂತಿದ್ದ. ಅವನನ್ನು ಯಾರೂ ಕೇಳಿರಲಿಲ್ಲ. ಅವನೇ ಹೇಳಿದ: “ಹಾಟ್ರಿ ಬಂದಾಗ ನಾನೂ ನಕ್ಕೆ ಅಣ್ಣ. ಆದ್ರೆ ಸ್ಕೂಲ್ ಡೇ ನಾಟಕದಲ್ಲಿ ಕಾಡಿನವರ ಪಾತ್ರ ಬಂದ್ರೆ ಮುಖಕ್ಕೆ ಮಸಿ ಬಳ್ಕೊಂಡು ತೊದಲ್ತಾ ಮಾತಾಡೋರು. ಅದನ್ನ ನೋಡಿ ನಾನು ಯಾವತ್ತೂ ನಕ್ಕಿಲ್ಲ.” ಅವನು ಸಿನಿಮಾ ಕೆಟ್ಟದು ಅನ್ನಲಿಲ್ಲ, ಹಾಕಬೇಡಿ ಅಂತಲೂ ಅನ್ನಲಿಲ್ಲ. ಹಾಟ್ರಿಯ ದೃಶ್ಯಕ್ಕೂ ಗಾಡಿಯ ಮೇಲಿನ ದಾಳಿಗೂ ವ್ಯತ್ಯಾಸ ಇದೆ ಅಂದ. ದಾಳಿಯಲ್ಲಿ ಬೀಳುವವರಿಗೆ ಮುಖವೇ ಇಲ್ಲ, ಹೆಸರಿಲ್ಲ, ಸುಮ್ನೆ ಬೀಳುತ್ತಾರೆ. ನನಗೆ ಅವನ ಮಾತು ಪೂರ್ತಿ ಸರಿ ಅನ್ನಿಸುತ್ತದೆ. ಈ ಸಿನಿಮಾದ ಮೇಲೆ ಎಷ್ಟು ಪ್ರೀತಿ ಇದ್ದರೂ ಆ ದಾಳಿಯ ದೃಶ್ಯವನ್ನು ಕಾಲದ ಮೇಲೆ ಹಾಕಿ ಬಿಡಿಸಿಕೊಳ್ಳೋಕೆ ನಾನು ತಯಾರಿಲ್ಲ.

ನೀವು ನಡೆಸುವಾಗ ಈ ವಾದವನ್ನು ಯಾರೋ ಒಬ್ಬರ ಹೆಗಲಿಗೆ ಹಾಕಬೇಡಿ. ‘ನೀನು ಹೇಳಪ್ಪ’ ಅಂತ ಆ ಸಮುದಾಯದವರನ್ನು ಎಬ್ಬಿಸಬೇಡಿ. ಅವರಿಗೆ ಮಾತಾಡಬೇಕು ಅನ್ನಿಸಿದರೆ ಜಾಗ ಇರಲಿ, ಅಷ್ಟೇ. ಉಳಿದವರು ಎರಡೂ ದೃಶ್ಯ ಪಕ್ಕಪಕ್ಕದಲ್ಲಿಟ್ಟು ನೋಡಲಿ.

ಹೆಂಗಸರ ಪಾತ್ರಗಳ ಬಗ್ಗೆ ಮಾತು ಎತ್ತುವವರು ನಮ್ಮಲ್ಲಿ ಅತ್ತಿಗೆ. ಜೋನ್ ಸಿಮ್ಸ್ ಮಾಡಿದ ಸಲೂನಿನ ಒಡತಿ ಬೆಲ್, ಆ್ಯಂಜೆಲಾ ಡಗ್ಲಸ್ ಮಾಡಿದ ಆ್ಯನಿ, ಇಬ್ಬರಿಗೂ ಈ ಸಿನಿಮಾದಲ್ಲಿ ಕೆಲಸ ಇದೆ ಅನ್ನುವುದು ಅವರ ಮಾತು. ಕಥೆ ಮುಂದೆ ಹೋಗುವುದೇ ಇವರಿಬ್ಬರಿಂದ. ಸಿನಿಮಾದ ಆ್ಯನಿಯ ಪೂರ್ತಿ ಹೆಸರು ಆ್ಯನಿ ಓಕ್ಲೆ. ಆ ಹೆಸರಿನ ಗುರಿಗಾರ್ತಿ ನಿಜವಾಗಿಯೂ ಇದ್ದಳು, 1860ರಿಂದ 1926ರವರೆಗೆ ಬದುಕಿದ್ದವಳು, ಬಫಲೋ ಬಿಲ್ ಅನ್ನುವವನ ಕೌಬಾಯ್ ಪ್ರದರ್ಶನಗಳಲ್ಲಿ ಹೆಸರು ಮಾಡಿದವಳು. ಆದರೆ ಸಿನಿಮಾದ ಆ್ಯನಿಯ ಕಥೆ ಕಟ್ಟಿದ್ದು. ಇದನ್ನು ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ಹುಡುಗರು ಇದನ್ನೇ ಇತಿಹಾಸ ಅಂದುಕೊಂಡಾರು.

ನಟರ ಬಗ್ಗೆ ಮಾತು ಬಂದರೆ ಪೀಟರ್ ಬಟರ್‌ವರ್ತ್ ಕಥೆ ಹೇಳಿ. ಈ ಸಿನಿಮಾದಲ್ಲಿ ಅವರು ಡಾಕ್ಟರ್. ಸರಣಿಗೆ ಅವರು ಬಂದದ್ದೇ ಇದರಿಂದ. ಚಿತ್ರಕಥೆ ಬರೆದ ಟಾಲ್ಬಟ್ ರಾಥ್‌ವೆಲ್ ಮತ್ತು ಬಟರ್‌ವರ್ತ್ ಎರಡನೇ ಮಹಾಯುದ್ಧದಲ್ಲಿ ಜರ್ಮನರ ಕೈದಿಗಳಾಗಿದ್ದಾಗ ಅಲ್ಲಿ ಗೆಳೆಯರಾದವರು. ಸೆರೆಯಲ್ಲಿದ್ದ ಉಳಿದವರಿಗಾಗಿ ಅಲ್ಲೇ ಆಟ ಕಟ್ಟಿ ನಗಿಸುತ್ತಿದ್ದರು. ಅಂಥ ಜಾಗದಲ್ಲಿ ನಗಿಸಿ ಬಂದವರು ಬರೆದ ಮಾತು, ಆಡಿದ ಮಾತು ಇದು ಅಂತ ತಿಳಿದ ಮೇಲೆ ನಾನು ಈ ಸಿನಿಮಾದ ಸಣ್ಣ ತಮಾಷೆಯನ್ನೂ ಗಮನ ಕೊಟ್ಟು ಕೇಳುತ್ತೇನೆ.

ಕೆನೆತ್ ವಿಲಿಯಮ್ಸ್ ವಿಷಯದಲ್ಲಿ ಒಮ್ಮತ ಸಿಗುವುದೇ ಇಲ್ಲ. ಜಡ್ಜ್ ಬರ್ಕ್‌ಗೆ ಅವರು ಗೊಗ್ಗರು ದನಿ ಹಚ್ಚಿದ್ದಾರೆ, ಅವರ ಎಂದಿನ ದನಿ ಅಲ್ಲವೇ ಅಲ್ಲ. ಇದರ ಬಗ್ಗೆ ಕೈ ಎತ್ತಿಸಬೇಡಿ. ಬರ್ಕ್ ಮತ್ತು ರಂಪೋ ಎದುರುಬದುರಾಗುವ ದೃಶ್ಯವನ್ನು ಮೊದಲು ದನಿ ತೆಗೆದು, ಆಮೇಲೆ ದನಿ ಕೊಟ್ಟು, ಎರಡು ಸಲ ಹಾಕಿ. ದನಿ ಇಲ್ಲದಾಗ ಅವರ ಮೂಗು, ಹುಬ್ಬು, ಕತ್ತು ಮಾಡುವ ಕೆಲಸ ಕಾಣುತ್ತದೆ. ಆಮೇಲೆ ಒಪ್ಪದವರೂ ಒಪ್ಪದಿರುವುದಕ್ಕೆ ಬೇರೆ ಕಾರಣ ಕೊಡುತ್ತಾರೆ, ಮೊದಲಿನದಕ್ಕಿಂತ ಒಳ್ಳೇ ಕಾರಣ.

ರಾತ್ರಿ ಹನ್ನೊಂದಾಗುವಾಗ ದೂರದಿಂದ ಬಂದವರನ್ನು ಬಿಟ್ಟುಕೊಡಿ. ಹಳ್ಳ ದಾಟುವ ಸಂಕದ ಮೇಲೆ ನೀರು ಏರುವ ದಿನವಾದರೆ ಇನ್ನೂ ಬೇಗ. ಹೊರಡುವ ಮೊದಲು ಮುಂದಿನ ಸಿನಿಮಾ ಯಾವುದು ಅಂತ ಗೊತ್ತು ಮಾಡಿಕೊಳ್ಳಿ, ಆ ದಿನದ ವಾದವೇ ಅದನ್ನು ಹೇಳುತ್ತದೆ. ನಗು ಕಡಿಮೆ ಆಯಿತು ಅಂದವರು ಜಾಸ್ತಿ ಇದ್ದರೆ ಅದೇ ತಂಡದ 1964ರ ‘ಕ್ಯಾರಿ ಆನ್ ಕ್ಲಿಯೋ’ ಹಾಕಿ. ಕಥೆ ಗಟ್ಟಿಯಾಗಿದ್ದದ್ದೇ ಇಷ್ಟ ಆಯಿತು ಅಂದರೆ 1966ರ ‘ಕ್ಯಾರಿ ಆನ್ ಸ್ಕ್ರೀಮಿಂಗ್’. ಡಿವಿಡಿಯನ್ನು ಹಿಂದಿನ ದಿನವೇ ಪೂರ್ತಿ ಓಡಿಸಿ ನೋಡಿಕೊಳ್ಳಿ. ಮಳೆಗಾಲದಲ್ಲಿ ಡಿಸ್ಕಿಗೆ ಬೂಸಲು ಹಿಡಿಯುತ್ತದೆ, ಒಣಗಿದ ಮೆತ್ತನೆ ಬಟ್ಟೆಯಲ್ಲಿ ನಡುವಿನಿಂದ ಅಂಚಿಗೆ ಒರೆಸಿಡಿ.